ಆ ಮೋರಿ ಯಾರ ಪುಸ್ತಕದಲ್ಲಿದೆ, ಮೇಷ್ಟ್ರೇ?

ಮೇಷ್ಟ್ರೇ, ನಮಸ್ಕಾರ.

ನಾಲ್ಕು ಪುಟದ ಪತ್ರ ತಲುಪಿತು. ಅಕ್ಷರ ಇನ್ನೂ ಕಪ್ಪು ಹಲಗೆ ಮೇಲೆ ಬರೆದ ಹಾಗೇ ದುಂಡಗಿದೆ. ಪೂರ್ತಿ ಹಾಕೋಣ ಅಂದರೆ ಪುಟ ಸಾಲದು. ಅದಕ್ಕೆ ಉಳಿದ ಓದುಗರಿಗೆ ಸಾರ ಹೇಳಿಬಿಟ್ಟು ಆಮೇಲೆ ನಿಮ್ಮ ಹತ್ತಿರ ಬರುತ್ತೇನೆ.

ಪತ್ರ ಬರೆದವರು ಪಾವಗಡ ತಾಲ್ಲೂಕಿನ ನಿವೃತ್ತ ಲೆಕ್ಕದ ಮೇಷ್ಟ್ರು. ತಮ್ಮ ಹೆಸರು, ಊರಿನ ಹೆಸರು ಎರಡೂ ಬೇಡ ಅಂದಿದ್ದಾರೆ. ಅವರ ಊರಿಗೂ ಹೈಸ್ಕೂಲಿಗೂ ಮಧ್ಯೆ ಒಂದು ಹಳ್ಳ, ಅದರ ಮೇಲೆ ಎರಡು ಪೈಪಿನ ಮೋರಿ. ಮೂರು ಮಳೆಗಾಲದ ಹಿಂದೆ ಒಂದು ಕಡೆಯ ಮಣ್ಣು ಕೊಚ್ಚಿಕೊಂಡು ಹೋಯಿತು. ಅವತ್ತಿಂದ ಮಳೆ ಬಂದ ದಿನ ಮಕ್ಕಳು ಶಾಲೆಗೆ ಹೋಗುವುದಿಲ್ಲ, ಕಡ್ಲೆಕಾಯಿ ತುಂಬಿದ ಟ್ರ್ಯಾಕ್ಟರ್ ಆರು ಕಿಲೋಮೀಟರ್ ಸುತ್ತಿಕೊಂಡು ಬರುತ್ತದೆ. ಮೇಷ್ಟ್ರು ಮೂರು ಅರ್ಜಿ ಕೊಟ್ಟರು. ಮೂರಕ್ಕೂ ಒಂದೇ ಉತ್ತರ, ಅನುದಾನ ಇಲ್ಲ. ಇದೇ ಮೂರು ವರ್ಷದಲ್ಲಿ ಅದೇ ಊರಿಗೆ ಒಂದು ಹೈಮಾಸ್ಟ್ ದೀಪ ಬಂತು, ದೇವಸ್ಥಾನದ ಮುಂದೆ ಸಿಸಿ ರಸ್ತೆ ಬಂತು, ಒಂದು ಸಮುದಾಯ ಭವನ ಲಿಂಟಲ್ ಮಟ್ಟಕ್ಕೆ ಎದ್ದು ನಿಂತಿದೆ.

ಅವರ ಸಿಟ್ಟು ಇಷ್ಟು. ಕಲ್ಯಾಣ ಕರ್ನಾಟಕಕ್ಕೆ ವರ್ಷಕ್ಕೆ 5,000 ಕೋಟಿ, ತುಮಕೂರು ಸಿಟಿಗೆ ಸ್ಮಾರ್ಟ್ ಸಿಟಿ, ಬೆಂಗಳೂರಿಗಂತೂ ಕೇಳೋದೇ ಬೇಡ, ನಮಗೆ ಒಂದು ಮೋರಿಗೂ ಗತಿ ಇಲ್ಲವಾ? ಕೊನೆಯಲ್ಲಿ ಒಂದು ಪ್ರಶ್ನೆ: "ಸರ್ಕಾರದ ದುಡ್ಡು ಹಂಚೋದಕ್ಕೆ ಲೆಕ್ಕ ಅಂತ ಒಂದು ಇದೆಯಾ, ಇಲ್ವಾ?"

ಇದೆ ಮೇಷ್ಟ್ರೇ. ಒಂದಲ್ಲ, ಏಳೆಂಟು ಲೆಕ್ಕ ಇವೆ. ತೊಂದರೆ ಇರೋದೇ ಅಲ್ಲಿ.

ಮೊದಲನೆಯದು ನಿಮಗೂ ಗೊತ್ತಿರುತ್ತದೆ, ನಂಜುಂಡಪ್ಪ ವರದಿ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ರಾಜ್ಯದಲ್ಲಿ 175 ತಾಲ್ಲೂಕು. 35 ಸೂಚಕಗಳನ್ನು ಇಟ್ಟುಕೊಂಡು ಒಂದೊಂದು ತಾಲ್ಲೂಕಿಗೂ ಅಂಕ ಹಾಕಿದರು. 114 ತಾಲ್ಲೂಕು ಹಿಂದುಳಿದಿವೆ ಅಂತ ಬಂತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 26 ಉತ್ತರ ಕರ್ನಾಟಕದವು. ಉಳಿದ 13ರಲ್ಲಿ ಐದು ನಮ್ಮ ತುಮಕೂರು ಜಿಲ್ಲೆಯವೇ: ಪಾವಗಡ, ಶಿರಾ, ಮಧುಗಿರಿ, ಗುಬ್ಬಿ, ಕುಣಿಗಲ್. ಚಿಕ್ಕಬಳ್ಳಾಪುರ ಕಡೆಯಿಂದ ಬಾಗೇಪಲ್ಲಿ ಸೇರಿತ್ತು. ಬೆಂಗಳೂರಿಗೆ ಎರಡು ಗಂಟೆ ದಾರಿಯ ಕುಣಿಗಲ್ ಆ ಪಟ್ಟಿಯಲ್ಲಿ ಇತ್ತು ಅನ್ನೋದನ್ನು ಇವತ್ತಿಗೂ ಎಷ್ಟೋ ಜನ ನಂಬುವುದಿಲ್ಲ.

ಸಮಿತಿ ಕೇಳಿದ್ದು ಎಂಟು ವರ್ಷಕ್ಕೆ 31,000 ಕೋಟಿಯ ವಿಶೇಷ ಅಭಿವೃದ್ಧಿ ಯೋಜನೆ. ಅದರಲ್ಲಿ 16,000 ಕೋಟಿ ಹೊಸ ದುಡ್ಡು, ಮಿಕ್ಕ 15,000 ಕೋಟಿ ಬಜೆಟ್‌ನಲ್ಲಿ ಹೇಗೂ ಬರುವುದನ್ನೇ ಈ ಕಡೆ ತಿರುಗಿಸುವುದು. ಹಂಚಿಕೆಯನ್ನೂ ಅವರೇ ಹೇಳಿದ್ದರು. ಗುಲ್ಬರ್ಗ ವಿಭಾಗಕ್ಕೆ ಶೇ 40, ಬೆಳಗಾವಿಗೆ 20, ನಾವಿರುವ ಬೆಂಗಳೂರು ವಿಭಾಗಕ್ಕೆ 25, ಮೈಸೂರಿಗೆ 15. ವರದಿ ಬಂದದ್ದು 2002ರಲ್ಲಿ, ದುಡ್ಡು ಹೊರಟದ್ದು 2007-08ರಲ್ಲಿ. ಮಧ್ಯೆ ಐದು ವರ್ಷ ಕಪಾಟಿನಲ್ಲಿತ್ತು. ಹೊರಟ ಮೇಲೂ, ಮೊದಲೇ ನಡೆಯುತ್ತಿದ್ದ ಯೋಜನೆಗಳಿಗೆ ಹೊಸ ಚೀಟಿ ಅಂಟಿಸಿ "ಇದು ವಿಶೇಷ" ಅಂದದ್ದೇ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ.

ಆದರೂ ಒಂದು ಮಾತು ಹೇಳಲೇಬೇಕು. ಆ ಲೆಕ್ಕದಲ್ಲಿ ಪಾವಗಡ ಕಾಣಿಸುತ್ತಿತ್ತು. ಜಿಲ್ಲೆಯ ಸರಾಸರಿ ತೆಗೆದರೆ ಪಾವಗಡದ ಬಡತನವನ್ನು ತುಮಕೂರು ಸಿಟಿ ಮುಚ್ಚಿಬಿಡುತ್ತದೆ. ತಾಲ್ಲೂಕಿನ ಅಂಕ ತೆಗೆದರೆ ಮುಚ್ಚಲು ಆಗುವುದಿಲ್ಲ. ಆಮೇಲೆ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಸಮಿತಿಗೆ ಮತ್ತೆ ಅದೇ ಕೆಲಸ ಒಪ್ಪಿಸಲಾಯಿತು. ಅದರ ಬಗ್ಗೆ ಇನ್ನೊಮ್ಮೆ ಬರೆಯೋಣ.

ಇನ್ನು 371ಜೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ. ನಿಮ್ಮ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ವಿಶೇಷ ಸ್ಥಾನ ಅದು, ದಶಕಗಳ ಹೋರಾಟದ ಫಲ. 5,000 ಕೋಟಿಯನ್ನು ಅಲ್ಲಿನ 41 ವಿಧಾನಸಭಾ ಕ್ಷೇತ್ರಕ್ಕೆ ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 122 ಕೋಟಿ. ಕೇಳಲು ದೊಡ್ಡದು. ಆದರೆ ಘೋಷಣೆ ಆದದ್ದು, ಬಿಡುಗಡೆ ಆದದ್ದು, ಖರ್ಚಾದದ್ದು ಮೂರೂ ಬೇರೆ ಬೇರೆ ಅಂಕಿ, ಇದನ್ನು ಕಲಬುರಗಿಯವರನ್ನೇ ಕೇಳಿ ನೋಡಿ. ನಂಜುಂಡಪ್ಪ ಪಟ್ಟಿಯಲ್ಲಿ ನಮ್ಮ ವಿಭಾಗದಲ್ಲೇ ಇದ್ದ ಹರಪನಹಳ್ಳಿ ಆಮೇಲೆ 371ಜೆ ವ್ಯಾಪ್ತಿಗೆ ಸೇರಿತು. ಪಾವಗಡಕ್ಕೆ ಆ ದಾರಿ ಇಲ್ಲ. ಮಳೆ ಅಷ್ಟೇ ಕಡಿಮೆ, ನೆಲ ಅಷ್ಟೇ ಒಣಗಿದೆ, ನೀರಲ್ಲಿ ಫ್ಲೋರೈಡ್ ಬೇರೆ. ಆದರೆ ನಕ್ಷೆಯ ಗೆರೆ ಎಳೆದವರು ನಿಮ್ಮನ್ನು ಎಲ್ಲೂ ಸರಿಯಾಗಿ ಸೇರಿಸಲಿಲ್ಲ. ತುಮಕೂರಿಂದ ನಿಮ್ಮ ತಾಲ್ಲೂಕಿಗೆ ಬರಬೇಕಾದರೆ ಮಧುಗಿರಿ ದಾಟಿದ ಮೇಲೆ ಆಂಧ್ರದೊಳಗೆ ಹೋಗಿ ಮತ್ತೆ ಕರ್ನಾಟಕಕ್ಕೆ ಬರಬೇಕು. ಹೋದ ವಾರ ಬಂದಾಗ ಮೊಬೈಲ್ ಎರಡು ಸಲ "ಆಂಧ್ರಪ್ರದೇಶಕ್ಕೆ ಸ್ವಾಗತ" ಅಂತ ಮೆಸೇಜ್ ಕಳಿಸಿತು. ಹೌದು, ಬಂದಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಅವರಿಗೆ ಯಾಕೆ ಕೊಟ್ಟರು ಅಂತ ಕೇಳುವ ಮೊದಲು ಇನ್ನೊಂದು ಯೋಚನೆ ಮಾಡಿ. 14ನೇ ಹಣಕಾಸು ಆಯೋಗದಲ್ಲಿ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. 15ನೇ ಆಯೋಗದಲ್ಲಿ ಅದು 3.647ಕ್ಕೆ ಇಳಿಯಿತು. ಆಗ ನಮ್ಮವರೆಲ್ಲ ಪಕ್ಷಭೇದ ಮರೆತು ಅಲ್ಲದಿದ್ದರೂ ಜೋರಾಗಿಯೇ ಕೂಗಿದರು: ಕೊಡುವವರು ನಾವು, ತೆಗೆದುಕೊಳ್ಳುವವರು ಬೇರೆಯವರು. ಸರಿ, ಅದೇ ಮಾತನ್ನು ನಾಳೆ ಬೆಂಗಳೂರಿನವರು ಪಾವಗಡಕ್ಕೆ ಹೇಳಿದರೆ? ದೆಹಲಿಯಲ್ಲಿ ನಿಂತಾಗ ನಾವು ಬೆಂಗಳೂರು, ಬೆಂಗಳೂರಿನಲ್ಲಿ ನಿಂತಾಗ ನಾವು ಪಾವಗಡ. ಎರಡು ಕಡೆ ಎರಡು ನಾಲಿಗೆ ಇಟ್ಟುಕೊಂಡರೆ ಯಾರೂ ನಂಬುವುದಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ಲೆಕ್ಕಕ್ಕೆ ಬರೋಣ. ಸಮಪಾಲು.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ, ಸಂಸದರದ್ದು ಐದು ಕೋಟಿ. ಯಾವ ಕ್ಷೇತ್ರ ಆದರೂ ಅಷ್ಟೇ. 2025-26ರ ಬಜೆಟ್‌ನಲ್ಲಿ ಮುಖ್ಯಮಂತ್ರಿಗಳ ಮೂಲಸೌಕರ್ಯ ಅಭಿವೃದ್ಧಿ ಕಾರ್ಯಕ್ರಮ ಅಂತ 8,000 ಕೋಟಿ ಇಟ್ಟರು, ಎಲ್ಲಾ ಕ್ಷೇತ್ರಗಳ ರಸ್ತೆ, ಸಣ್ಣ ನೀರಾವರಿ, ಊರಿನ ಸೌಕರ್ಯಕ್ಕೆ. 224 ಕ್ಷೇತ್ರಕ್ಕೆ ಸಮನಾಗಿ ಭಾಗಿಸಿದರೆ ತಲಾ 35.7 ಕೋಟಿ. ಸಮನಾಗಿ ಭಾಗಿಸದೆ ಆಳುವ ಪಕ್ಷದವರಿಗೆ ಜಾಸ್ತಿ, ವಿರೋಧ ಪಕ್ಷದವರಿಗೆ ಕಡಿಮೆ ಅಂತ ಆದರೆ ಜಗಳ ಶುರು. ಪೇಪರ್‌ನವರು ನಾವೂ ಆ ಜಗಳವನ್ನೇ ಬರೆಯುತ್ತೇವೆ. ಆದರೆ ಮೇಷ್ಟ್ರೇ, ನೀವು ಲೆಕ್ಕದವರು, ನೀವೇ ಹೇಳಿ, ಪೈಸೆ ಪೈಸೆ ಸಮನಾಗಿ ಹಂಚಿದರೂ ಅದು ನ್ಯಾಯವಾ? ತುಮಕೂರು ಸಿಟಿ ಕ್ಷೇತ್ರವನ್ನು ಸ್ಕೂಟರ್‌ನಲ್ಲಿ ಅರ್ಧ ಗಂಟೆಯಲ್ಲಿ ದಾಟಬಹುದು. ಪಾವಗಡ ತಾಲ್ಲೂಕು 1,300 ಚದರ ಕಿಲೋಮೀಟರ್‌ಗಿಂತ ದೊಡ್ಡದು. ಮತದಾರರ ಸಂಖ್ಯೆ ಹೆಚ್ಚುಕಡಿಮೆ ಒಂದೇ ಥರ ಇರಬಹುದು, ಆದರೆ ರಸ್ತೆಗೆ ಟಾರ್ ಹಾಕುವುದು ಮತದಾರರ ಲೆಕ್ಕದಲ್ಲಲ್ಲ, ಕಿಲೋಮೀಟರ್ ಲೆಕ್ಕದಲ್ಲಿ. ಒಂದು ಹಳ್ಳದ ಮೋರಿಗೆ ಎಷ್ಟು ಕಾಂಕ್ರೀಟ್ ಬೇಕು ಅನ್ನೋದನ್ನು ಹಳ್ಳ ಹೇಳುತ್ತದೆ. ಆಚೆ ಊರಿನಲ್ಲಿ ಐವತ್ತು ಮನೆ ಇದೆಯೋ ಐನೂರು ಮನೆ ಇದೆಯೋ ಅದಕ್ಕೇನು ಗೊತ್ತು?

ಅದೂ ಅಲ್ಲದೆ ಸಿಟಿಗೆ ಬೇರೆ ನಲ್ಲಿಗಳಿವೆ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕೇಂದ್ರದ್ದು 500 ಕೋಟಿ, ರಾಜ್ಯದ್ದು 500 ಕೋಟಿ ಅನ್ನುವುದು ಆ ಯೋಜನೆಯ ಸೂತ್ರ. ಅಮಾನಿಕೆರೆ ಚೆಂದ ಆಯಿತು, ಸ್ಟೇಡಿಯಂ ಆಯಿತು, ಬಸ್ ಸ್ಟ್ಯಾಂಡ್ ಆಯಿತು. ಬೆಳಿಗ್ಗೆ ನಾನೂ ಅಮಾನಿಕೆರೆ ಸುತ್ತ ವಾಕಿಂಗ್ ಹೋಗುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಯೋಜನೆಯಲ್ಲೇ ದೊಡ್ಡ ಪಾಲು ಊರಿನ ಆಯ್ದ ಒಂದು ಭಾಗಕ್ಕೆ ಅಂತ ಬರೆದಿತ್ತು. ಅಂದರೆ ಪಾವಗಡದ ಮಾತು ಬಿಡಿ, ಸಿಟಿಯ ಅಂಚಿನ ಬಡಾವಣೆಯವರೂ ನಿಮ್ಮ ಹಾಗೆ ಪತ್ರ ಬರೆಯುತ್ತಾರೆ. ನನ್ನ ಮೇಜಿನ ಮೇಲೆ ಇವೆ.

ಲೆಕ್ಕದಲ್ಲಿ ಮಾತ್ರ ನಮ್ಮದಾಗಿರುವ ದುಡ್ಡು ಇನ್ನೊಂದಿದೆ. ಎತ್ತಿನಹೊಳೆ, ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಯೋಜನೆ. 2012ರಲ್ಲಿ 8,323 ಕೋಟಿ ಅಂತ ಶುರುವಾಯಿತು. 2014ಕ್ಕೆ 12,912 ಕೋಟಿ ಆಯಿತು. ಆಮೇಲೆ 23,251 ಕೋಟಿಗೆ ಮುಟ್ಟಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಬಾಯಾರಿಕೆ ತೋರಿಸಿ ತಂದ ಯೋಜನೆ. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಪಂಪ್ ಚಾಲೂ ಆಯಿತು, ಎಲ್ಲರೂ ಬಾಗಿನ ಬಿಟ್ಟರು. ಈ ಬಯಲುಸೀಮೆಗೆ ಎಷ್ಟು ಬಂಡವಾಳ ಹಾಕಿದ್ದೀರಿ ಅಂತ ಯಾರಾದರೂ ಕೇಳಿದರೆ ಇಷ್ಟೂ ಸಾವಿರ ಕೋಟಿ ನಮ್ಮ ಹೆಸರಿನಲ್ಲಿ ಓದುತ್ತಾರೆ. ದುಡ್ಡು ಹೋಗಿದ್ದು ಘಟ್ಟದ ಪೈಪಿಗೆ, ಕಾಲುವೆಗೆ. ಬೇಡ ಅಂತ ಹೇಳುತ್ತಿಲ್ಲ. ನೀರು ಬರಲಿ. ಆದರೆ ಬಾರದ ನೀರನ್ನು ಬಂದ ಅನುದಾನ ಅಂತ ಬರೆದುಕೊಂಡು, ಮೋರಿ ಕೇಳಿದವರಿಗೆ "ನಿಮ್ಮ ಭಾಗಕ್ಕೆ ಇಷ್ಟೊಂದು ಕೊಟ್ಟಿದ್ದೇವಲ್ಲ" ಅನ್ನಬಾರದು. ಕೋಲಾರದವರಿಗೆ 2018ರಿಂದ ಕೆಸಿ ವ್ಯಾಲಿ ನೀರಾದರೂ ಬಂತು ಅಂತ ನೀವು ಬರೆದಿದ್ದೀರಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆರೆಗೆ ಬಿಟ್ಟದ್ದು ಅದು. ಬೋರ್‌ವೆಲ್‌ಗೆ ಜೀವ ಬಂತು ಅಂತ ಅಲ್ಲಿಯವರು ಹೇಳುತ್ತಾರೆ, ಮೂರನೇ ಹಂತವೂ ಮಾಡಿ ಕೊಡಿ ಅಂತಲೂ ಅವರೇ ಕೇಳುತ್ತಾರೆ. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ಅಂಥ ಹೊಟ್ಟೆಕಿಚ್ಚು ಪಡುವ ಭಾಗ್ಯ ಏನಲ್ಲ.

ಸರಿ, ನಿಮ್ಮ ಮೋರಿಗೆ ಬರೋಣ.

ಹೋದ ವಾರ ಬಂದು ನೋಡಿದೆ. ನಿಮಗೆ ಹೇಳದೆ ಬಂದದ್ದಕ್ಕೆ ಬೈಯಬೇಡಿ, ಹೇಳಿದ್ದರೆ ಊಟಕ್ಕೆ ಕೂರಿಸುತ್ತಿದ್ದಿರಿ. ಪೈಪಿನ ಅಂಚು ಒಂದು ಮೊಳ ಈಚೆ ಬಂದಿದೆ. ಯಾರೋ ಹುಣಸೆ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದಾರೆ, ರಾತ್ರಿ ಬೈಕ್‌ನವರಿಗೆ ಕಾಣಲಿ ಅಂತ. ಮೋರಿ ಮೇಲೆ ನಿಂತರೆ ಆ ಹೈಮಾಸ್ಟ್ ಕಂಬ ಚೆನ್ನಾಗಿ ಕಾಣುತ್ತದೆ. ಸಂಜೆ ಏಳರ ತನಕ ಅಲ್ಲೇ ಇದ್ದೆ. ಆರು ದೀಪದಲ್ಲಿ ಎರಡು ಉರಿಯಿತು.

ಉರಿಯದ ಆ ನಾಲ್ಕು ದೀಪದಲ್ಲೇ ಅರ್ಧ ಕಥೆ ಇದೆ. ಬಜೆಟ್‌ನಲ್ಲಿ ದುಡ್ಡಿಗೆ ಎರಡು ಜಾತಿ. ಹೊಸದಾಗಿ ಕಟ್ಟುವುದಕ್ಕೆ ಬಂಡವಾಳ ವೆಚ್ಚ, ಕಟ್ಟಿದ್ದನ್ನು ನೋಡಿಕೊಳ್ಳುವುದಕ್ಕೆ ರಾಜಸ್ವ ವೆಚ್ಚ. ರಸ್ತೆ, ಸೇತುವೆಯಾದರೆ ಹೊಸದಕ್ಕೆ 5054, ನಿರ್ವಹಣೆಗೆ 3054 ಅನ್ನೋ ಲೆಕ್ಕ ಶೀರ್ಷಿಕೆ. ಇಂಜಿನಿಯರು, ಕಂಟ್ರಾಕ್ಟರ್ ಮಾತಾಡಿಕೊಳ್ಳುವುದೇ ಹಾಗೆ, "ಇದು ಐವತ್ತು ಐವತ್ನಾಲ್ಕರಲ್ಲಿ ಆಗುತ್ತಾ?" ಅಂತ. ಹೊಸದಕ್ಕೆ ಗುದ್ದಲಿ ಪೂಜೆ ಇದೆ, ಫ್ಲೆಕ್ಸ್ ಇದೆ, ಕಲ್ಲಿನ ಮೇಲೆ ಹೆಸರಿದೆ. ದುರಸ್ತಿಗೆ ಏನಿದೆ? ಕೊಚ್ಚಿ ಹೋದ ಮಣ್ಣು ತುಂಬಿಸಿದವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಅದಕ್ಕೇ ಊರಿಗೆ ದೀಪ ಬಂತು, ಬಲ್ಬ್ ಬರಲಿಲ್ಲ. ಭವನ ಬಂತು, ಛಾವಣಿ ಬರಲಿಲ್ಲ. ಮೋರಿ ಮಾತ್ರ ಹೊಸದೂ ಅಲ್ಲ, ಹಳೆಯದೂ ಅಲ್ಲ ಅನ್ನುವಂತೆ ಮಧ್ಯದಲ್ಲಿ ಸಿಕ್ಕಿಕೊಂಡಿತು.

ಮಾರನೇ ದಿನ ಒಂದು ಕಚೇರಿಗೆ ಹೋದೆ. ಯಾವುದು ಅಂತ ಬರೆಯುವುದಿಲ್ಲ, ಅಲ್ಲಿನ ಇಂಜಿನಿಯರ್ ಒಳ್ಳೆಯ ಮನುಷ್ಯ, ಟೀ ಕುಡಿಸಿ ರಸ್ತೆ ಪುಸ್ತಕ ತೆಗೆದು ತೋರಿಸಿದ. ಅಲ್ಲಿ ಗೊತ್ತಾಯಿತು ನೋಡಿ. ನಿಮ್ಮ ಊರಿಂದ ಹಳ್ಳದ ತನಕ ರಸ್ತೆ ಒಂದು ಇಲಾಖೆಯ ಪುಸ್ತಕದಲ್ಲಿದೆ. ಹಳ್ಳ ದಾಟಿದ ಮೇಲೆ ಇನ್ನೊಂದು ಇಲಾಖೆಯದ್ದು. ಇವರ ಪುಸ್ತಕದಲ್ಲಿ "ಹಳ್ಳದವರೆಗೆ", ಅವರ ಪುಸ್ತಕದಲ್ಲಿ "ಹಳ್ಳದಿಂದ". ಹಳ್ಳ ಯಾರದ್ದೂ ಅಲ್ಲ. ನಿಮ್ಮ ಮೂರು ಅರ್ಜಿಯೂ ಫೈಲಿನಲ್ಲಿವೆ, ಮೂರಕ್ಕೂ ಕೊಟ್ಟ ಹಿಂಬರಹ ಒಂದೇ ಸಾಲು: "ಅನುದಾನ ಲಭ್ಯತೆ ಮೇರೆಗೆ ಪರಿಶೀಲಿಸಲಾಗುವುದು." ಎಸ್ಟಿಮೇಟ್ ಎಲ್ಲಿ ಸಾರ್ ಅಂದೆ. ಎಸ್ಟಿಮೇಟೇ ಆಗಿಲ್ಲ ಅಂದ.

ಎಸ್ಟಿಮೇಟ್ ಇಲ್ಲದ ಕೆಲಸಕ್ಕೆ ಅನುದಾನ ಇಲ್ಲ ಅನ್ನುವುದು ಬೇಯಿಸದ ಅನ್ನಕ್ಕೆ ಉಪ್ಪಿಲ್ಲ ಅಂದ ಹಾಗೆ. ದುಡ್ಡಿನ ಪ್ರಶ್ನೆ ಅಲ್ಲಿ ಹುಟ್ಟೇ ಇಲ್ಲ. ಮಾರ್ಚ್ ಹತ್ತಿರ ಬಂದಾಗ ಎಲ್ಲಿಂದಲೋ ಒಂದಿಷ್ಟು ಅನುದಾನ ಬರುತ್ತದೆ, ತಿಂಗಳೊಳಗೆ ಖರ್ಚು ತೋರಿಸಬೇಕು. ಆಗ ಯಾವ ಕಾಮಗಾರಿಯ ಎಸ್ಟಿಮೇಟ್ ರೆಡಿ ಇದೆಯೋ ಅದಕ್ಕೆ ಹೋಗುತ್ತದೆ. ಯಾವುದರದ್ದು ರೆಡಿ ಇರುತ್ತದೆ? ಶಾಸಕರ ಪತ್ರ ಬಂದದ್ದು, ಕಂಟ್ರಾಕ್ಟರ್ ಹಿಂದೆ ಬಿದ್ದದ್ದು. ದೇವಸ್ಥಾನದ ಮುಂದಿನ ಸಿಸಿ ರಸ್ತೆಗೆ ಸ್ಟಾಂಡರ್ಡ್ ನಕ್ಷೆ ಇದೆ, ಉದ್ದ ಅಗಲ ಹಾಕಿದರೆ ಸಂಜೆಗೆ ಎಸ್ಟಿಮೇಟ್. ಹಳ್ಳದ ಮೋರಿಗೆ ಆಗುವುದಿಲ್ಲ. ನೀರು ಎಷ್ಟು ಹರಿಯುತ್ತದೆ, ಮೇಲಿನ ಕೆರೆ ಕೋಡಿ ಬಿದ್ದರೆ ಎಷ್ಟು ಅಂತ ಯಾರಾದರೂ ಬಂದು ಅಳೆಯಬೇಕು. ನಿಮ್ಮ ತಾಲ್ಲೂಕಿಗೆ ಹಾಕಿದ ಇಂಜಿನಿಯರು ಸೇರಿದ ದಿನದಿಂದ ವರ್ಗಾವಣೆಗೆ ಓಡಾಡುತ್ತಾರೆ. ನಂಜುಂಡಪ್ಪ ಅವರ 35 ಸೂಚಕದಲ್ಲಿ ಇದು ಇರಲಿಲ್ಲ ಅನ್ನಿಸುತ್ತದೆ, ಇರಬೇಕಿತ್ತು.

ರಾಜ್ಯದಿಂದ ಜಿಲ್ಲೆಗೆ ದುಡ್ಡು ಇಳಿಯುವ ತನಕ ಏನೋ ಒಂದು ಸೂತ್ರ ಇರುತ್ತದೆ, ತಪ್ಪೋ ಸರಿಯೋ. ಗ್ರಾಮ ಪಂಚಾಯಿತಿಗೆ ಹಣಕಾಸು ಆಯೋಗದ ದುಡ್ಡೂ ಸೂತ್ರದ ಮೇಲೇ ಬರುತ್ತದೆ. 2021ರಿಂದ 26ರ ಅವಧಿಗೆ ಶೇ 60 ಭಾಗ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿದ್ದರು, ಮಿಕ್ಕ 40ರಲ್ಲಿ ಎಲ್ಲವೂ ಆಗಬೇಕು. ಇವೆರಡರ ನಡುವೆ ಇರುವ ದೊಡ್ಡ ಜಾಗದಲ್ಲಿ, ಯಾವ ಊರಿನ ಯಾವ ರಸ್ತೆ ಅಂತ ತೀರ್ಮಾನ ಆಗುವಲ್ಲಿ, ಸೂತ್ರ ಇಲ್ಲ. ಅಲ್ಲಿ ಇರುವುದು ಫೋನ್. ಮೊದಲು ಆ ಜಾಗದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರಾದರೂ ಇದ್ದರು. ಸಭೆಯಲ್ಲಿ ಎದ್ದು ನಿಂತು ನಮ್ಮ ಹೋಬಳಿಗೆ ಏನು ಕೊಟ್ಟಿರಿ ಅಂತ ಕಿರುಚುತ್ತಿದ್ದರು. ಆ ಚುನಾವಣೆ ಕೊನೆಗೆ ನಡೆದದ್ದು 2016ರಲ್ಲಿ, ಅವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ಅಧಿಕಾರಿಗಳದ್ದೇ ಆಡಳಿತ. ನಿಮ್ಮ ಮೋರಿ ಬಿದ್ದದ್ದು ಅದಾದ ಮೇಲೆ. ನಿಮ್ಮ ಪರವಾಗಿ ಕಿರುಚುವವರ ಕುರ್ಚಿಯೇ ಖಾಲಿ ಇತ್ತು.

ಇನ್ನು ಏನು ಮಾಡಬಹುದು ಅಂದರೆ, ಮುಖ್ಯಮಂತ್ರಿಗೆ, ಪ್ರಧಾನಿಗೆ ಬರೆಯೋದು ಸುಮ್ನೆ. ಎರಡು ಪುಸ್ತಕ ಕೇಳಿ. ಒಂದು, ಲೋಕೋಪಯೋಗಿ ಕಾಮಗಾರಿಗಳ ಪಟ್ಟಿ ಇರುವ ಅಪೆಂಡಿಕ್ಸ್ ಇ. ಅದರಲ್ಲಿ ನಿಮ್ಮ ತಾಲ್ಲೂಕಿನ ಸಾಲುಗಳನ್ನು ಮಾತ್ರ ನೋಡಿ. ಪಟ್ಟಿಯಲ್ಲಿ ಹೆಸರಿದೆ ಅಂದರೆ ದುಡ್ಡಿದೆ ಅಂತ ಅಲ್ಲ, ದೊಡ್ಡ ಕಾಮಗಾರಿಯ ಮುಂದೆ ಹೆಸರಿಗೆ ಒಂದಿಷ್ಟು ಬರೆದಿರುತ್ತಾರೆ, ಹಳೆಯ ಬಾಕಿ ಬಿಲ್ ಮೊದಲು ನುಂಗುತ್ತದೆ. ಇನ್ನೊಂದು, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಎಷ್ಟೆಷ್ಟು ಅಂತ ಹೇಳುವ ಲಿಂಕ್ ಡಾಕ್ಯುಮೆಂಟ್. ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪಾವಗಡಕ್ಕೂ ತಿಪಟೂರಿಗೂ ಹೋಲಿಸಿ ನೋಡಿ. ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು ನೀವು, ಒಂದು ಭಾನುವಾರ ಸಾಕು. ಬರೆದು ಕಳಿಸಿ, ಅಚ್ಚು ಹಾಕುತ್ತೇನೆ.

ಮೋರಿಗೆ ನಾಲ್ಕನೇ ಸಲ "ದಯವಿಟ್ಟು ಕಟ್ಟಿಸಿಕೊಡಿ" ಅನ್ನಬೇಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಎರಡು ಇಲಾಖೆಗೂ ಒಂದೊಂದು. ಆ ಹಳ್ಳ ನಿಮ್ಮ ಪುಸ್ತಕದಲ್ಲಿ ಇದೆಯೋ ಇಲ್ಲವೋ, ಇದ್ದರೆ ಎಸ್ಟಿಮೇಟ್ ಯಾವ ದಿನ ಮಾಡಿದಿರಿ, ಇಲ್ಲದಿದ್ದರೆ ಯಾರ ಪುಸ್ತಕದಲ್ಲಿದೆ. ಇಷ್ಟೇ ಕೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ನಿಮ್ಮ ಹಳೆಯ ಅರ್ಜಿಗಳನ್ನು ಆ ಕಚೇರಿಯಲ್ಲಿ ಓದಿದೆ, ಒಂದೊಂದೂ ಎರಡು ಪುಟ ಇದೆ, ಮೊದಲ ಪ್ಯಾರಾದಲ್ಲೇ ಬಸವಣ್ಣನವರ ವಚನ ಇದೆ. ವಚನ ಬೇಡ ಮೇಷ್ಟ್ರೇ.

ಕರಡು ನಾನೇ ಬರೆದು ಇದರ ಜೊತೆ ಅಂಚೆಯಲ್ಲಿ ಕಳಿಸಿದ್ದೇನೆ. ಎಣಿಸಿದ್ದೇನೆ, 61 ಪದ ಇದೆ. ಸಹಿ ಹಾಕಿ, ಎರಡು ಜೆರಾಕ್ಸ್ ತೆಗೆಸಿ ಇಟ್ಟುಕೊಳ್ಳಿ.